ಕಾಡುನೆಲ್ಲಿನ ಕೈನೇಸ್ ಮತ್ತು ತುಂಗಭದ್ರೆಯ ಎಡದಂಡೆ

ಮುನಿರಾಬಾದಿನಲ್ಲಿ ತುಂಗಭದ್ರಾ ಜಲಾಶಯದಿಂದ ಹೊರಟು, ಕೊಪ್ಪಳ ತಾಲ್ಲೂಕಿನ ಅಂಚನ್ನು ಹಾದು, ಗಂಗಾವತಿ, ಕಾರಟಗಿಗಳ ಬಯಲಿಗೆ ನೀರುಣಿಸಿ, ಸಿಂಧನೂರು, ಮಾನ್ವಿಗಳತ್ತ ಸುಮಾರು 227 ಕಿಲೋಮೀಟರ್ ಸಾಗುವ ಎಡದಂಡೆ ಮುಖ್ಯ ಕಾಲುವೆಯು ಇಂದಿನ ಕೊಪ್ಪಳ ಜಿಲ್ಲೆಯನ್ನು ಎರಡು ಬೇಸಾಯಗಳ ನಾಡಾಗಿ ಇಬ್ಭಾಗಿಸಿದೆ. ಕಾಲುವೆಯ ಕೆಳಗೆ ವರ್ಷಕ್ಕೆರಡು ಬಾರಿ ನೆಲ್ಲು ನಾಟಿಯಾಗುವ ಕೆಸರುಗದ್ದೆಗಳಿದ್ದರೆ, ನೀರು ಹತ್ತದ ಕುಷ್ಟಗಿ ಮತ್ತು ಯಲಬುರ್ಗಾಗಳ ಮಸಾರಿ ಹಾಗೂ ಎರೆ ಹೊಲಗಳಲ್ಲಿ ಸಜ್ಜೆ, ಜೋಳ, ಕಡಲೆ, ಶೇಂಗಾ ಬೆಳೆಯುತ್ತವೆ. ಈಚಿನ ದಶಕಗಳಲ್ಲಿ ಕೊಳವೆಬಾವಿಯ ನೀರಿನಲ್ಲಿ ದಾಳಿಂಬೆಯೂ ಬೆಳೆದಿದೆ. ಹೀಗೆ ಯಾವ ವಿಷಯದಲ್ಲೂ ಒಂದಕ್ಕೊಂದು ಹೋಲದ ನೆಲ್ಲು ಮತ್ತು ದಾಳಿಂಬೆಗಳನ್ನು ಕಾಡಿದ ದೊಡ್ಡ ರೋಗಗಳೆರಡೂ ಕ್ಸಾಂಥೊಮೊನಾಸ್ ಎಂಬ ಒಂದೇ ಕುಲದ ದುಂಡಾಣುಗಳಿಂದ ಬಂದವು. ಅವುಗಳಲ್ಲಿ ಒಂದನ್ನು ಎದುರಿಸುವ ಬಗೆ ಮಾತ್ರ ವಿಜ್ಞಾನಕ್ಕೆ ದಕ್ಕಿತು. ಹಾಗೆ ದಕ್ಕಿದ್ದು ಪ್ರೋಟೀನ್ ಕೈನೇಸ್ ಎಂಬ ಕಿಣ್ವವರ್ಗಕ್ಕೆ ಸೇರಿದ ಒಂದು ಅಣುವಿನ ಮೂಲಕ.

ನೆಲ್ಲು ಈ ಸೀಮೆಗೆ ಅಣೆಕಟ್ಟೆಯ ಜೊತೆಗೆ ಬಂದ ಬೆಳೆಯೇನೂ ಅಲ್ಲ. ವಿಜಯನಗರದ ಅರಸರ ಕಾಲದಲ್ಲಿ ತುಂಗಭದ್ರೆಗೆ ಅಡ್ಡಲಾಗಿ ಹಾಕಿದ ಕಲ್ಲಿನ ಒಡ್ಡುಗಳಿಂದ ಹೊರಟ ಆನೆಗುಂದಿ ಕಾಲುವೆ, ಗಂಗಾವತಿಯ ಮೇಲಿನ ಮತ್ತು ಕೆಳಗಿನ ಕಾಲುವೆಗಳು ನದಿಯ ಎಡದಂಡೆಯ ಒಂದು ಸಣ್ಣ ಪಟ್ಟಿಯನ್ನು ಶತಮಾನಗಳ ಕಾಲ ಹಸಿರಾಗಿ ಇಟ್ಟಿದ್ದವು. ಆ ಪಟ್ಟಿಯನ್ನು ಬಯಲಾಗಿ ಹಿಗ್ಗಿಸಿದ್ದು 20ನೆಯ ಶತಮಾನದ ಅಣೆಕಟ್ಟೆ. ನಿಜಾಮರ ಹೈದರಾಬಾದ್ ಸಂಸ್ಥಾನ ಮತ್ತು ಮದ್ರಾಸ್ ಪ್ರಾಂತಗಳ ನಡುವಿನ ಒಪ್ಪಂದದ ಮೇಲೆ 1945ರ ಫೆಬ್ರವರಿ 28ರಂದು ಶಂಕುಸ್ಥಾಪನೆಯಾದ ಈ ಕಟ್ಟೆಯಿಂದ 1953ರಲ್ಲಿ ಕಾಲುವೆಗೆ ನೀರು ಹರಿಯುವಷ್ಟರಲ್ಲಿ ನಿಜಾಮರ ಆಳ್ವಿಕೆ ಮುಗಿದಿತ್ತು. ಮುಂದೆ ಮೂರೇ ವರ್ಷಗಳಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳು ರಾಯಚೂರು ಜಿಲ್ಲೆಯ ಭಾಗವಾಗಿ ಮೈಸೂರು ರಾಜ್ಯವನ್ನು ಸೇರಿದವು. ಯೋಜನೆಯ ಮೂಲ ಉದ್ದೇಶ ಬರಗಾಲದ ಸೀಮೆಗೆ ಆಸರೆಯಾಗುವುದಾಗಿದ್ದರಿಂದ, ಜೋಳ, ಹತ್ತಿ, ಶೇಂಗಾಗಳಂತಹ ಕಡಿಮೆ ನೀರಿನ ಬೆಳೆಗಳಿಗೆ ಹೆಚ್ಚಿನ ಪ್ರದೇಶವನ್ನು ಗೊತ್ತುಮಾಡಿ, ನೆಲ್ಲಿಗೆ ಅಲ್ಪ ಭಾಗವನ್ನಷ್ಟೇ ಬಿಡಲಾಗಿತ್ತು. ಆದರೆ ನೀರು ಮೊದಲು ತಲುಪುತ್ತಿದ್ದ ಗಂಗಾವತಿಯ ಭಾಗದಲ್ಲಿ ಕಾಗದದ ಮೇಲಿನ ಈ ಹಂಚಿಕೆ ಹೆಚ್ಚು ದಿನ ಉಳಿಯಲಿಲ್ಲ. ಕರಾವಳಿ ಆಂಧ್ರದ ಡೆಲ್ಟಾ ಪ್ರದೇಶಗಳಿಂದ ಬಂದು ಭೂಮಿ ಕೊಂಡು, ಇಂದಿಗೂ ‘ಕ್ಯಾಂಪ್’ ಎಂಬ ಹೆಸರನ್ನೇ ಹೊತ್ತ ಊರುಗಳಲ್ಲಿ ನೆಲೆಸಿದ ಬೇಸಾಯಗಾರರು ಕೆಸರುಗದ್ದೆಯ ಅನುಭವವನ್ನು ತಮ್ಮೊಡನೆ ತಂದರು; ಸ್ಥಳೀಯ ರೈತರೂ ಬೇಗನೆ ಅದೇ ದಾರಿ ಹಿಡಿದರು; ಅಕ್ಕಿ ಗಿರಣಿಗಳು ಎದ್ದವು. ಗಂಗಾವತಿಯನ್ನು ಕರ್ನಾಟಕದ ಅಕ್ಕಿಯ ಕಣಜವೆಂದು ಕರೆಯುವ ರೂಢಿ ಬಂದದ್ದು ಹೀಗೆ. ಅದಕ್ಕೆ ತೆತ್ತ ಬೆಲೆಯಲ್ಲಿ ಒಂದು ಪಾಲು ಕಾಲುವೆಯ ಕೊನೆಭಾಗದ ರೈತರದು, ಇನ್ನೊಂದು ಪಾಲು ಮಣ್ಣಿನದು, ಮೂರನೆಯದು ಬೆಳೆಯ ಆರೋಗ್ಯದ್ದು.

1960ರ ದಶಕದ ನಡುವಿನಲ್ಲಿ ತೈಚುಂಗ್ ನೇಟಿವ್ 1, ಐಆರ್ 8 ಎಂಬ ಗಿಡ್ಡ ತಳಿಗಳು ಭಾರತಕ್ಕೆ ಬಂದವು. ಹೆಚ್ಚು ಸಾರಜನಕ ಗೊಬ್ಬರವನ್ನು ಉಂಡೂ ನೆಲಕ್ಕೊರಗದೆ ನಿಲ್ಲುವುದು ಅವುಗಳ ಗುಣವಾಗಿತ್ತು. ಆದರೆ ಸಾರಜನಕದಿಂದ ಸೊಕ್ಕಿ ಬೆಳೆದ ಮೃದು ಎಲೆಯೇ ದುಂಡಾಣು ಎಲೆ ಅಂಗಮಾರಿ ರೋಗಕ್ಕೆ ಒಳ್ಳೆಯ ನೆಲೆ. ಜಪಾನಿನ ಫುಕುವೋಕಾದ ರೈತರು 1884ರಷ್ಟು ಹಿಂದೆಯೇ ಗುರುತಿಸಿದ್ದ ಈ ರೋಗವು ಭಾರತದಲ್ಲಿ 1950ರ ದಶಕದಲ್ಲಿ ಮಹಾರಾಷ್ಟ್ರದಿಂದ ವರದಿಯಾಗಿ, 1963ರಲ್ಲಿ ಬಿಹಾರದಲ್ಲಿ ಸಾಂಕ್ರಾಮಿಕವಾಗಿ ಹಬ್ಬಿದ ಬಳಿಕ ದೇಶದ ನೆಲ್ಲು ವಿಜ್ಞಾನಿಗಳ ಮುಖ್ಯ ಚಿಂತೆಗಳಲ್ಲೊಂದಾಯಿತು. ಎಲೆಯ ಅಂಚಿನಲ್ಲಿ ನೀರು ಜಿನುಗುವ ಸೂಕ್ಷ್ಮ ರಂಧ್ರಗಳಿಂದಲೋ, ನಾಟಿಯ ಮುಂಚೆ ಸಸಿಗಳ ತುದಿ ಕತ್ತರಿಸುವಾಗ ಆಗುವ ಗಾಯದಿಂದಲೋ ಒಳಹೊಕ್ಕ ಕ್ಸಾಂಥೊಮೊನಾಸ್ ಒರೈಝೆ ಎಂಬ ದುಂಡಾಣು ನೀರು ಸಾಗುವ ನಾಳಗಳಲ್ಲಿ ಸಂಖ್ಯೆ ಹೆಚ್ಚಿಸಿಕೊಳ್ಳುತ್ತದೆ; ಎಲೆ ತುದಿಯಿಂದ ಕೆಳಕ್ಕೆ, ಅಂಚಿನಗುಂಟ ಅಲೆಅಲೆಯಾಗಿ ಹಳದಿಗೆ ತಿರುಗಿ ಒಣಹುಲ್ಲಿನ ಬಣ್ಣ ತಾಳುತ್ತದೆ. ಮಳೆ ಗಾಳಿಗಳ ದಿನಗಳಲ್ಲಿ ಒಂದು ಗದ್ದೆಯಿಂದ ಇನ್ನೊಂದಕ್ಕೆ ದಾಟುವ ಈ ರೋಗವನ್ನು ಗುರುತಿಸುವ ಬಗೆ ಸರಳ: ರೋಗದ ಎಲೆಯನ್ನು ಕತ್ತರಿಸಿ ಗಾಜಿನ ಲೋಟದ ನೀರಿನಲ್ಲಿ ಇಳಿಬಿಟ್ಟರೆ ಕತ್ತರಿಸಿದ ತುದಿಯಿಂದ ಹಾಲಿನಂತಹ ದ್ರವ ಎಳೆಯಾಗಿ ಇಳಿಯುತ್ತದೆ. ಆ ದ್ರವವೆಲ್ಲ ದುಂಡಾಣುಗಳೇ. ಇಂತಹ ರೋಗಕ್ಕೆ ಸಿಂಪಡಿಸುವ ಔಷಧಿಯಿಂದ ದೊರೆಯುವ ಪರಿಹಾರ ಅಲ್ಪ; ಗಿಡವೇ ಎದುರಿಸಬೇಕು. ಗಿಡ ಹೇಗೆ ಎದುರಿಸುತ್ತದೆಂಬುದಕ್ಕೆ ಆ ಕಾಲದಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ.

ಉತ್ತರದ ಮೊದಲ ಎಳೆ ದೊರೆತದ್ದು ಗಿಡಗಳಲ್ಲಲ್ಲ, ಪ್ರಾಣಿಗಳ ಸ್ನಾಯುಗಳಲ್ಲಿ. ಅದೂ ತುಂಗಭದ್ರೆಯ ನೀರು ಎಡದಂಡೆಗೆ ಹರಿಯತೊಡಗಿದ ಸರಿಸುಮಾರು ಅದೇ ವರ್ಷಗಳಲ್ಲಿ. 1954ರಲ್ಲಿ ಜಾರ್ಜ್ ಬರ್ನೆಟ್ ಮತ್ತು ಯೂಜೀನ್ ಕೆನಡಿ ಎಂಬವರು ಯಕೃತ್ತಿನ ಒಂದು ಕಿಣ್ವವು ಹಾಲಿನ ಪ್ರೋಟೀನಾದ ಕೇಸೀನ್‌ಗೆ ಫಾಸ್ಫೇಟನ್ನು ಜೋಡಿಸುವುದನ್ನು ತೋರಿಸಿದರಾದರೂ, ಆ ಜೋಡಣೆಯಿಂದ ಜೀವಕೋಶಕ್ಕೆ ಏನು ಪ್ರಯೋಜನವೆಂಬುದು ತಿಳಿಯಲಿಲ್ಲ. ಮರುವರ್ಷ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಎಡ್ಮಂಡ್ ಫಿಶರ್ ಮತ್ತು ಎಡ್ವಿನ್ ಕ್ರೆಬ್ಸ್, ಸ್ನಾಯುವಿನಲ್ಲಿ ಕೂಡಿಟ್ಟ ಗ್ಲೈಕೋಜನ್ ಎಂಬ ಸಕ್ಕರೆಯ ಸಂಗ್ರಹವನ್ನು ಕರಗಿಸುವ ಫಾಸ್ಫೊರಿಲೇಸ್ ಕಿಣ್ವದ ಒಂದು ಒಗಟನ್ನು ಬಿಡಿಸುತ್ತಿದ್ದರು. ಈ ಕಿಣ್ವ ದುಡಿಯುವ ಮತ್ತು ದುಡಿಯದ ಎರಡು ರೂಪಗಳಲ್ಲಿ ಸಿಗುತ್ತದೆಂದು ಕಾರ್ಲ್ ಮತ್ತು ಗೆರ್ಟಿ ಕೋರಿ ದಂಪತಿಗಳು ಹಿಂದೆಯೇ ಕಂಡಿದ್ದರು. ಸ್ನಾಯುವಿನ ಸಾರವನ್ನು ಸೋಸುಕಾಗದದಲ್ಲಿ ಸೋಸಿದಾಗ ದುಡಿಯುವ ರೂಪವೂ, ಸೋಸದೆ ಯಂತ್ರದಲ್ಲಿ ತಿರುಗಿಸಿ ಬೇರ್ಪಡಿಸಿದಾಗ ದುಡಿಯದ ರೂಪವೂ ದೊರೆಯುತ್ತಿರುವುದನ್ನು ಗಮನಿಸಿದ ಫಿಶರ್ ಮತ್ತು ಕ್ರೆಬ್ಸ್, ಕಾಗದದಲ್ಲಿ ಅಂಟಿದ್ದ ಲೇಶ ಕ್ಯಾಲ್ಸಿಯಮ್ಮೇ ಈ ವ್ಯತ್ಯಾಸಕ್ಕೆ ಕಾರಣವೆಂದು ಕಂಡುಕೊಂಡರು. ಕ್ಯಾಲ್ಸಿಯಮ್ಮಿನಿಂದ ಎಚ್ಚೆತ್ತ ಮತ್ತೊಂದು ಕಿಣ್ವವು, ಕೋಶದ ಶಕ್ತಿಯ ನಾಣ್ಯವೆನಿಸಿದ ಎಟಿಪಿ ಅಣುವಿನ ಮೂರು ಫಾಸ್ಫೇಟ್‌ಗಳಲ್ಲಿ ಕೊನೆಯದನ್ನು ಕಿತ್ತು ಫಾಸ್ಫೊರಿಲೇಸಿಗೆ ಅಂಟಿಸುತ್ತಿತ್ತು. ಅಂಟಿದೊಡನೆ ಅದು ದುಡಿಯುವ ರೂಪಕ್ಕೆ ತಿರುಗುತ್ತಿತ್ತು. ಹೀಗೆ ಒಂದು ಪ್ರೋಟೀನಿಗೆ ಫಾಸ್ಫೇಟ್ ಅಂಟಿಸುವ ಕಿಣ್ವವೇ ಪ್ರೋಟೀನ್ ಕೈನೇಸ್. ಅಂಟಿಸಿದ್ದನ್ನು ಕಳಚುವ ಕಿಣ್ವ ಫಾಸ್ಫಟೇಸ್. ಈ ಸಂಶೋಧನೆಗೆ ನೊಬೆಲ್ ಪ್ರಶಸ್ತಿ ಬಂದದ್ದು 1992ರಲ್ಲಿ, ಅಂದರೆ 37 ವರ್ಷಗಳ ಬಳಿಕ.

ಈ ವಿಳಂಬಕ್ಕೂ ಒಂದು ಅರ್ಥವಿದೆ. ಒಂದು ಕಿಣ್ವದ ಸಣ್ಣ ವಿಶೇಷವೆಂದು ಮೊದಲಿಗೆ ಕಂಡದ್ದು ಜೀವಕೋಶಗಳೆಲ್ಲದರ ಸಾಮಾನ್ಯ ಸಂಕೇತಭಾಷೆಯೆಂದು ಅರಿವಾಗಲು ಅಷ್ಟು ಕಾಲ ಬೇಕಾಯಿತು. ಫಾಸ್ಫೇಟ್ ಗುಂಪು ಎರಡು ಋಣ ವಿದ್ಯುದಂಶಗಳನ್ನು ಹೊತ್ತಿರುವುದರಿಂದ, ಅದು ಬಂದು ಕೂತಾಗ ಪ್ರೋಟೀನಿನ ಮಡಿಕೆಗಳು ಸರಿದು ಅದರ ಆಕಾರ ಬದಲಾಗುತ್ತದೆ. ಆಕಾರ ಬದಲಾದ ಪ್ರೋಟೀನು ಹೊಸ ಕೆಲಸಕ್ಕೆ ತೊಡಗುತ್ತದೆ, ಇಲ್ಲವೆ ಇದ್ದ ಕೆಲಸವನ್ನು ಬಿಡುತ್ತದೆ. ಒಂದು ಕೈನೇಸ್ ಇನ್ನೊಂದು ಕೈನೇಸನ್ನು, ಅದು ಮತ್ತೊಂದನ್ನು ಹೀಗೆ ಎಚ್ಚರಿಸುತ್ತ ಹೋದರೆ, ಕೋಶದ ಹೊರಗೆ ತಗುಲಿದ ಒಂದು ಅಣುವಿನ ಸುದ್ದಿ ಸಾವಿರಪಟ್ಟು ಹಿಗ್ಗಿ ಕೋಶಕೇಂದ್ರವನ್ನು ತಲುಪುತ್ತದೆ. ಸುದ್ದಿ ತಲುಪಿದ ಮೇಲೆ ಫಾಸ್ಫಟೇಸ್‌ಗಳು ಫಾಸ್ಫೇಟನ್ನು ಕಳಚಿ ಎಲ್ಲವನ್ನೂ ಮೊದಲಿನ ಸ್ಥಿತಿಗೆ ತರುತ್ತವೆ. ಹಾರ್ಮೋನಿನ ಸಂದೇಶವನ್ನು ಕೋಶದೊಳಗೆ ಒಯ್ಯುವ ಆವರ್ತ ಎಎಂಪಿಯನ್ನು ಅರ್ಲ್ ಸದರ್‌ಲ್ಯಾಂಡ್ 1950ರ ದಶಕದಲ್ಲಿ ಕಂಡುಹಿಡಿದರೆ, ಆ ಅಣುವಿನ ಆಜ್ಞೆಗೆ ಕಾದು ಕುಳಿತ ಕೈನೇಸ್ 1968ರಲ್ಲಿ ಕ್ರೆಬ್ಸ್‌ರ ಪ್ರಯೋಗಾಲಯದಲ್ಲಿ ದೊರೆಯಿತು. ಫಾಸ್ಫೇಟ್ ಸೆರೀನ್ ಮತ್ತು ಥ್ರಿಯೊನೀನ್ ಎಂಬ ಅಮೈನೋ ಆಮ್ಲಗಳಿಗಷ್ಟೇ ಅಂಟುತ್ತದೆಂಬ ನಂಬಿಕೆ 1979ರಲ್ಲಿ ಕುಸಿಯಿತು: ಕ್ಯಾಲಿಫೋರ್ನಿಯಾದ ಟೋನಿ ಹಂಟರ್ ಹೊಸದಾಗಿ ಬೆರೆಸದೆ ಹಳೆಯ ದ್ರಾವಣವನ್ನೇ ಬಳಸಿದ್ದರಿಂದ, ಅದರ ಆಮ್ಲತೆ ತುಸು ಬದಲಾಗಿ, ಅಲ್ಲಿಯವರೆಗೆ ಥ್ರಿಯೊನೀನಿನ ಗುರುತಿನಲ್ಲಿ ಮರೆಯಾಗಿದ್ದ ಟೈರೋಸೀನಿನ ಗುರುತು ಬೇರೆಯಾಗಿ ಕಂಡಿತು. ಪ್ರಯೋಗಾಲಯದ ಶಿಸ್ತನ್ನು ಬೋಧಿಸುವವರು ಈ ಪ್ರಸಂಗವನ್ನು ವಿದ್ಯಾರ್ಥಿಗಳ ಮುಂದೆ ಹೇಳಲು ಹಿಂಜರಿದರೆ ಆಶ್ಚರ್ಯವಿಲ್ಲ.

ಮಾನವನ ಜೀನೋಮಿನಲ್ಲಿ 518 ಪ್ರೋಟೀನ್ ಕೈನೇಸ್‌ಗಳಿವೆಯೆಂದು 2002ರಲ್ಲಿ ಎಣಿಕೆಯಾಯಿತು. ನೆಲ್ಲಿನ ಜೀನೋಮಿನಲ್ಲಿ ಅವುಗಳ ಸಂಖ್ಯೆ 1,400ನ್ನು ಮೀರುತ್ತದೆ. ಗಂಗಾವತಿಯ ಗದ್ದೆಯ ಒಂದು ಪೈರು ಅದನ್ನು ನಾಟಿ ಮಾಡಿದ ಮನುಷ್ಯನಿಗಿಂತ ಎರಡೂವರೆಪಟ್ಟು ಹೆಚ್ಚು ಕೈನೇಸ್‌ಗಳನ್ನು ಹೊಂದಿರುವುದಕ್ಕೆ ಒಂದು ಕಾರಣ ಗಿಡದ ಬದುಕಿನ ಬಗೆಯಲ್ಲಿಯೇ ಇದೆ. ಬಿಸಿಲಿಗೆ, ಉಪ್ಪಿಗೆ, ರೋಗಕ್ಕೆ ಹೆದರಿ ಅದು ಜಾಗ ಬಿಟ್ಟು ಓಡಲಾರದು. ಅದರ ಮೈಯಲ್ಲಿ ರಕ್ತದ ಬಿಳಿಕಣಗಳಂತೆ ಅಲೆದಾಡುವ ಕಾವಲುಗಾರರೂ ಇಲ್ಲ. ಹೀಗಾಗಿ ಪ್ರತಿಯೊಂದು ಕೋಶವೂ ತನ್ನ ಪೊರೆಯ ಮೇಲೆ ಹೊರಗಿನ ಸುಳಿವುಗಳನ್ನು ಹಿಡಿಯುವ ಗ್ರಾಹಕಗಳನ್ನು ತಾನೇ ಇರಿಸಿಕೊಳ್ಳಬೇಕು. ನೆಲ್ಲಿನ ಕೈನೇಸ್‌ಗಳಲ್ಲಿ ಬಹುಪಾಲು ಇಂತಹ ಗ್ರಾಹಕ ಕೈನೇಸ್‌ಗಳೇ. ಜೀನೋಮುಗಳಲ್ಲಿ ಕೈನೇಸ್‌ಗಳನ್ನು ಹುಡುಕಿ ವಿಂಗಡಿಸುವ ಕೆಲಸಕ್ಕೆ ಕರ್ನಾಟಕದಲ್ಲಿಯೂ ಒಂದು ನೆಲೆಯಿತ್ತು: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಣು ಜೈವಿಕ ಭೌತವಿಜ್ಞಾನ ಘಟಕದಲ್ಲಿ ಎನ್. ಶ್ರೀನಿವಾಸನ್ ಮತ್ತು ಅವರ ವಿದ್ಯಾರ್ಥಿಗಳು ಹಲವು ಜೀವಿಗಳ ಕೈನೇಸ್‌ಗಳನ್ನು ಗಣಕದ ನೆರವಿನಿಂದ ಗುರುತಿಸಿ, ‘ಕಿಂಗ್’ ಎಂಬ ಹೆಸರಿನ ದತ್ತಸಂಚಯವನ್ನು ಸಿದ್ಧಪಡಿಸಿ, 2004ರಲ್ಲಿ ವಿಶ್ವದ ಸಂಶೋಧಕರ ಮುಂದಿಟ್ಟರು.

ನೆಲ್ಲಿನ ಕಥೆಗೆ ಬಂದರೆ, ಅದು ಪಶ್ಚಿಮ ಆಫ್ರಿಕಾದ ಮಾಲಿ ದೇಶದ ಒಂದು ಕಾಡುನೆಲ್ಲಿನಿಂದ ಶುರುವಾಗುತ್ತದೆ. ಒರೈಝಾ ಲಾಂಜಿಸ್ಟಾಮಿನಾಟಾ ಎಂಬ ಹೆಸರಿನ ಈ ಹುಲ್ಲು ಎತ್ತರವಾಗಿ ಬೆಳೆದು, ನೆಲದಡಿಯ ಕಾಂಡಗಳಿಂದ ಹಬ್ಬಿ, ತೆನೆಯಲ್ಲಿ ಹಿಡಿಯುವ ಕಾಳು ಅಲ್ಪವಾಗಿರುವುದರಿಂದ ಬೇಸಾಯಗಾರನಿಗೆ ಅದು ಕಳೆ. 1977ರಲ್ಲಿ ಒಡಿಶಾದ ಕಟಕ್‌ನಲ್ಲಿರುವ ಕೇಂದ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಎಸ್. ದೇವದತ್ ಈ ಕಾಡುನೆಲ್ಲಿನ ಒಂದು ಮಾದರಿಯು ತಾವು ಪರೀಕ್ಷಿಸಿದ ಭಾರತದ ಅಂಗಮಾರಿ ದುಂಡಾಣುಗಳೆಲ್ಲವನ್ನೂ ತಡೆದು ನಿಲ್ಲುವುದನ್ನು ಕಂಡರು. ಮರುವರ್ಷ ಅದು ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯನ್ನು ತಲುಪಿತು. ಅಲ್ಲಿ ಪಂಜಾಬ್ ಮೂಲದ ತಳಿವಿಜ್ಞಾನಿ ಗುರುದೇವ್ ಖುಷ್ ಮತ್ತು ಸಂಗಡಿಗರು ಅದನ್ನು ಬೇಸಾಯದ ನೆಲ್ಲಿನೊಡನೆ ಸಂಕರಿಸಿ, ಮತ್ತೆಮತ್ತೆ ಬೇಸಾಯದ ತಳಿಗೇ ಮರುಸಂಕರಿಸಿ, ಕಾಡುಗುಣಗಳನ್ನೆಲ್ಲ ಕಳೆದು ರೋಗನಿರೋಧಕ ಗುಣವೊಂದನ್ನೇ ಉಳಿಸಿಕೊಳ್ಳಲು ಸುಮಾರು 12 ವರ್ಷ ತೆಗೆದುಕೊಂಡರು. 1990ರಲ್ಲಿ ಈ ಗುಣದ ಹಿಂದಿರುವ ಜೀನಿಗೆ ಎಕ್ಸ್‌ಎ21 ಎಂದು ಹೆಸರಿಟ್ಟರು. ಜೀನೇನೋ ಇದೆಯೆಂದು ತಿಳಿಯಿತು. ಅದು ಎಂತಹ ಪ್ರೋಟೀನನ್ನು ಕಟ್ಟುತ್ತದೆ, ಆ ಪ್ರೋಟೀನು ಏನು ಮಾಡುತ್ತದೆ ಎಂಬುದು ತಿಳಿದಿರಲಿಲ್ಲ.

ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಎಕ್ಸ್‌ಎ21ರ ನೆಲೆಯನ್ನು ವರ್ಣತಂತುವಿನ ಮೇಲೆ ಗುರುತಿಸುವ ಕೆಲಸ ಆರಂಭಿಸಿ, ಮುಂದೆ ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ತಮ್ಮದೇ ಪ್ರಯೋಗಾಲಯ ಕಟ್ಟಿದ ಪಮೆಲಾ ರೊನಾಲ್ಡ್, ಸಹೋದ್ಯೋಗಿ ವೆನ್-ಯುವಾನ್ ಸಾಂಗ್ ಮೊದಲಾದವರೊಡನೆ 1995ರ ಡಿಸೆಂಬರಿನಲ್ಲಿ ಈ ಜೀನಿನ ಪೂರ್ಣ ಪಾಠವನ್ನು ಪ್ರಕಟಿಸಿದರು. ಅದು ಕಟ್ಟುವ ಪ್ರೋಟೀನಿನಲ್ಲಿ 1,025 ಅಮೈನೋ ಆಮ್ಲಗಳು. ಕೋಶದ ಹೊರಕ್ಕೆ ಚಾಚಿದ ಭಾಗದಲ್ಲಿ ಲ್ಯೂಸೀನ್ ಎಂಬ ಅಮೈನೋ ಆಮ್ಲ ಹೇರಳವಾಗಿರುವ 23 ಸುರುಳಿಗಳು. ನಡುವೆ ಪೊರೆಯನ್ನು ತೂರಿ ನಿಂತ ಒಂದು ಕೊಂಡಿ. ಒಳಭಾಗದಲ್ಲಿ ಒಂದು ಕೈನೇಸ್. ಈ ಆಕಾರವೇ ಅದರ ಕೆಲಸವನ್ನು ಹೇಳುತ್ತದೆ: ಹೊರಗಿನ ಭಾಗ ದುಂಡಾಣುವಿನ ಗುರುತನ್ನು ಹಿಡಿಯುತ್ತದೆ, ಒಳಗಿನ ಭಾಗ ಫಾಸ್ಫೇಟ್ ಅಂಟಿಸಿ ಸುದ್ದಿ ಮುಟ್ಟಿಸುತ್ತದೆ. ಇದಕ್ಕೆ ಎರಡು ವರ್ಷ ಮುಂಚೆ, 1993ರಲ್ಲಿ, ಟೊಮೆಟೊದ ರೋಗನಿರೋಧಕ ಜೀನೊಂದು ಕೈನೇಸ್ ಎಂದು ಗೊತ್ತಾಗಿತ್ತಾದರೂ ಅದಕ್ಕೆ ಪೊರೆಯ ಹೊರಗೆ ಚಾಚಿದ ಗ್ರಾಹಕ ಭಾಗವಿರಲಿಲ್ಲ. ಹಣ್ಣುನೊಣದ ಮತ್ತು ಇಲಿಯ ಕೋಶಗಳಲ್ಲಿ ಸೂಕ್ಷ್ಮಾಣುಗಳನ್ನು ಗುರುತಿಸುವ ಟೋಲ್ ಬಗೆಯ ಗ್ರಾಹಕಗಳು ಬೆಳಕಿಗೆ ಬಂದು, ಮುಂದೆ 2011ರ ನೊಬೆಲ್ ಪ್ರಶಸ್ತಿಗೆ ಪಾತ್ರವಾದದ್ದು ಎಕ್ಸ್‌ಎ21 ಪ್ರಕಟವಾದ ನಂತರದ ವರ್ಷಗಳಲ್ಲಿ. ಗಿಡದ ಮೇಲಿನ ಸಂಶೋಧನೆ ಪ್ರಾಣಿಯ ಮೇಲಿನದಕ್ಕಿಂತ ಮುಂದಿದ್ದ ಅಪರೂಪದ ಗಳಿಗೆಗಳಲ್ಲಿ ಇದೊಂದು; ಪ್ರಶಸ್ತಿಗಳ ಲೆಕ್ಕದಲ್ಲಿ ಮಾತ್ರ ಅದು ಕಾಣುವುದಿಲ್ಲ.

ಹೊರಭಾಗ ಹಿಡಿಯುವ ಗುರುತು ಯಾವುದೆಂಬ ಪ್ರಶ್ನೆ ಮಾತ್ರ ಇನ್ನೂ 20 ವರ್ಷ ಕಾಡಿತು, ಮತ್ತು ಅದರ ಇತಿಹಾಸ ಅಷ್ಟು ನೇರವಾದುದಲ್ಲ. 2009ರಲ್ಲಿ ರೊನಾಲ್ಡ್‌ರ ಪ್ರಯೋಗಾಲಯ ಆ ಗುರುತನ್ನು ಕಂಡುಹಿಡಿದೆವೆಂದು ಘೋಷಿಸಿತು; ಬಳಿಕ ಬಂದ ಹೊಸ ಸದಸ್ಯರಿಗೆ ಅದೇ ಪ್ರಯೋಗವನ್ನು ಮರಳಿ ಮಾಡಿದಾಗ ಅದೇ ಫಲಿತಾಂಶ ಬರಲಿಲ್ಲ; ದುಂಡಾಣುವಿನ ಮಾದರಿಗಳ ಹೆಸರುಚೀಟಿಗಳು ಅದಲುಬದಲಾಗಿದ್ದುದು ಪತ್ತೆಯಾಯಿತು; 2013ರಲ್ಲಿ ಆ ಲೇಖನವನ್ನು ಬಹಿರಂಗವಾಗಿ ಹಿಂತೆಗೆದುಕೊಳ್ಳಲಾಯಿತು. ಅದೇ ತಂಡ 2015ರಲ್ಲಿ ನಿಜವಾದ ಗುರುತನ್ನು ಮುಂದಿಟ್ಟಿತು. ರ್‍ಯಾಕ್ಸ್‌ಎಕ್ಸ್ ಎಂಬ ಹೆಸರಿನ ಈ ಕಿರುಪ್ರೋಟೀನಿನ ಟೈರೋಸೀನಿಗೆ ಗಂಧಕದ ಗುಂಪೊಂದು ಅಂಟಿದ್ದು, ಅದರ 21 ಅಮೈನೋ ಆಮ್ಲಗಳ ತುಣುಕೊಂದೇ ಎಕ್ಸ್‌ಎ21ನ್ನು ಎಚ್ಚರಿಸಲು ಸಾಕು. ಅಚ್ಚರಿಯ ಸಂಗತಿಯೆಂದರೆ ಈ ತುಣುಕು ಗಿಡದ ಬೆಳವಣಿಗೆಗೆ ಪ್ರೇರಕವಾದ, ಗಿಡವೇ ತಯಾರಿಸುವ ಒಂದು ಹಾರ್ಮೋನನ್ನು ಹೋಲುತ್ತದೆ. ದುಂಡಾಣು ಮನೆಯವರ ದನಿಯನ್ನು ಅನುಕರಿಸಿ ಬಾಗಿಲು ತಟ್ಟುತ್ತದೆ; ಮಾಲಿಯ ಕಾಡುನೆಲ್ಲು ಆ ಅನುಕರಣೆಯನ್ನೇ ಕಳ್ಳನ ಗುರುತಾಗಿ ಮಾಡಿಕೊಂಡಿದೆ.

ಗುರುತು ಸಿಕ್ಕೊಡನೆ ಒಳಗಿನ ಕೈನೇಸ್ ಎಚ್ಚೆತ್ತು, ಸುದ್ದಿ ಕೋಶಕೇಂದ್ರವನ್ನು ಮುಟ್ಟಿ, ರಕ್ಷಣೆಗೆ ಸಂಬಂಧಿಸಿದ ಜೀನುಗಳು ಕೆಲಸಕ್ಕೆ ತೊಡಗುತ್ತವೆ. ಆದರೆ ರಕ್ಷಣೆ ದುಬಾರಿ ವ್ಯವಹಾರ. ಬೆಳವಣಿಗೆಗೆ ಬೇಕಾದ ಶಕ್ತಿಯನ್ನೇ ಅದು ಬಳಸುವುದರಿಂದ, ಶತ್ರು ಇಲ್ಲದಾಗ ಕೈನೇಸನ್ನು ಮಲಗಿಸಿಡುವ, ಕೆಲಸ ಮುಗಿದ ಮೇಲೆ ಅದರ ಫಾಸ್ಫೇಟನ್ನು ಕಳಚುವ ಸಹಾಯಕ ಪ್ರೋಟೀನುಗಳೂ ನೆಲ್ಲಿನಲ್ಲಿವೆ. ಇನ್ನೊಂದು ಮಿತಿಯನ್ನು ಬೇಸಾಯದ ದೃಷ್ಟಿಯಿಂದ ಹೇಳಲೇಬೇಕು: ಎಕ್ಸ್‌ಎ21ರ ರಕ್ಷಣೆ ಪೂರ್ಣವಾಗಿ ದೊರೆಯುವುದು ಪೈರು ಬಲಿತ ಮೇಲೆ, ಸಸಿಮಡಿಯ ಎಳೆಯ ಸಸಿಗೆ ಅದರಿಂದ ಸಿಗುವ ಆಸರೆ ಕಡಿಮೆ. ಅಲ್ಲದೆ ಒಂದೇ ಜೀನನ್ನು ನೆಚ್ಚಿದರೆ ಆ ಗುರುತನ್ನು ಬದಲಿಸಿಕೊಂಡ ದುಂಡಾಣು ಇಂದಲ್ಲ ನಾಳೆ ತಲೆಯೆತ್ತುತ್ತದೆ.

ಈ ಎರಡೂ ಮಿತಿಗಳನ್ನು ಅರಿತು ಕೈಗೊಂಡ ಕೆಲಸ ತುಂಗಭದ್ರೆಯ ಅಚ್ಚುಕಟ್ಟಿಗೆ ನೇರವಾಗಿ ಸಂಬಂಧಿಸಿದ ತಳಿಯೊಂದರ ಮೇಲೆ ನಡೆಯಿತು. ಆಂಧ್ರದ ಬಾಪಟ್ಲಾ ಸಂಶೋಧನಾ ಕೇಂದ್ರದಿಂದ 1986ರಲ್ಲಿ ಬಿಡುಗಡೆಯಾದ ಸಾಂಬಾ ಮಸೂರಿ, ಅಂದರೆ ಬಿಪಿಟಿ 5204, ಸಣ್ಣ ಕಾಳು ಮತ್ತು ಊಟದ ರುಚಿಯ ಕಾರಣದಿಂದ ಎಡದಂಡೆಯ ಗದ್ದೆಗಳನ್ನು ಆಳಿದ ತಳಿ. ಪೇಟೆಯಲ್ಲಿ ಸೋನಾ ಮಸೂರಿ ಎಂಬ ಒಂದೇ ಹೆಸರಿನಡಿ ಹಲವು ತಳಿಗಳ ಅಕ್ಕಿ ಮಾರಾಟವಾಗುವುದರಿಂದ ತಿನ್ನುವವರಿಗೆ ಅದರ ನಿಜ ಹೆಸರು ಪರಿಚಯವಿಲ್ಲದಿರಬಹುದು. ಎಲೆ ಅಂಗಮಾರಿಗೆ ಅದು ಸುಲಭದ ತುತ್ತು. ಹೈದರಾಬಾದಿನ ಭತ್ತ ಸಂಶೋಧನಾ ನಿರ್ದೇಶನಾಲಯ ಮತ್ತು ಅದೇ ನಗರದ ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರಗಳಲ್ಲಿ ಆರ್.ಎಂ. ಸುಂದರಂ, ರಮೇಶ್ ಸೋಂಟಿ ಮೊದಲಾದವರು ಎಕ್ಸ್‌ಎ21ರ ಜೊತೆಗೆ ಎಕ್ಸ್‌ಎ13 ಮತ್ತು ಎಕ್ಸ್‌ಎ5 ಎಂಬ ಇನ್ನೆರಡು ಜೀನುಗಳನ್ನೂ ಹೊಂದಿದ್ದ ಪಂಜಾಬಿನ ಸಾಲೊಂದನ್ನು ಸಾಂಬಾ ಮಸೂರಿಯೊಡನೆ ಸಂಕರಿಸಿದರು. ಪ್ರತಿ ಪೀಳಿಗೆಯಲ್ಲಿ ರೋಗ ತಗುಲಿಸಿ ನೋಡುತ್ತ ಕೂರುವ ಬದಲು, ಸಸಿಯ ಡಿಎನ್ಎಯಲ್ಲಿ ಆ ಮೂರು ಜೀನುಗಳ ಪಕ್ಕದ ಗುರುತುಗಳನ್ನು ಓದಿ, ಬೇಕಾದವನ್ನಷ್ಟೇ ಮುಂದಿನ ಸಂಕರಕ್ಕೆ ಆರಿಸಿದರು. ಇಲ್ಲಿ ಒಂದು ಜೀವಿಯ ಜೀನನ್ನು ಪ್ರಯೋಗಾಲಯದಲ್ಲಿ ಇನ್ನೊಂದಕ್ಕೆ ಸೇರಿಸುವ ಕುಲಾಂತರಿ ವಿಧಾನವಿಲ್ಲ. ಪರಾಗಸ್ಪರ್ಶದಿಂದ ಆದ ಸಾಂಪ್ರದಾಯಿಕ ಸಂಕರವೇ, ಆಯ್ಕೆಯ ಕಣ್ಣು ಮಾತ್ರ ಹೊಸದು. ಸುಧಾರಿತ ಸಾಂಬಾ ಮಸೂರಿ ಎಂಬ ಈ ತಳಿ 2008ರಲ್ಲಿ ಬೇಸಾಯಕ್ಕೆ ಬಂದಿತು. ಮೂರು ಜೀನುಗಳಲ್ಲಿ ಕೈನೇಸ್ ಕಟ್ಟುವುದು ಎಕ್ಸ್‌ಎ21 ಒಂದೇ. ಎಕ್ಸ್‌ಎ13ರದು ಬೇರೆಯೇ ಯುಕ್ತಿ: ದುಂಡಾಣು ತನ್ನ ಪ್ರೋಟೀನುಗಳನ್ನು ಕೋಶಕ್ಕೆ ಚುಚ್ಚಿ ಗಿಡದ ಸಕ್ಕರೆ ಸಾಗಿಸುವ ಜೀನೊಂದನ್ನು ತನ್ನ ಅನುಕೂಲಕ್ಕೆ ತೆರೆದುಕೊಳ್ಳುತ್ತದೆ, ಎಕ್ಸ್‌ಎ13 ಇದ್ದಲ್ಲಿ ಆ ಜೀನಿನ ಬಾಗಿಲು ಕೀಲಿಗೆ ಒಗ್ಗದಂತೆ ಬದಲಾಗಿರುತ್ತದೆ.

ಇದೇ ಅವಧಿಯಲ್ಲಿ ಅಂತರರಾಷ್ಟ್ರೀಯ ನೆಲ್ಲು ಜೀನೋಮ್ ಯೋಜನೆಯಲ್ಲಿ ಭಾರತದ ಪಾಲಿಗೆ ಬಂದದ್ದು 11ನೆಯ ವರ್ಣತಂತುವಿನ ಉದ್ದನೆಯ ತೋಳಿನ ಒಂದು ಭಾಗ. ಎಕ್ಸ್‌ಎ21 ಇರುವುದೂ ಅದೇ ತೋಳಿನಲ್ಲಿ. ಯೋಜನೆ 2005ರಲ್ಲಿ ಪೂರ್ಣಗೊಂಡ ಬಳಿಕ ಇನ್ನೂ ಹಲವು ಕೈನೇಸ್‌ಗಳು ಬೇಸಾಯದ ಗುಣಗಳ ಹಿಂದೆ ಕಾಣಿಸಿಕೊಂಡವು. ರಂಜಕ ಕಡಿಮೆಯಿರುವ ಮಣ್ಣಿನಲ್ಲಿ ಬೇರನ್ನು ಹಿಗ್ಗಿಸುವ ಗುಣದ ಜೀನು ಭಾರತ ಮೂಲದ ಕಸಲಾತ್ ತಳಿಯಲ್ಲಿ 2012ರಲ್ಲಿ ಗುರುತಾಗಿ, ಅದೂ ಕೈನೇಸ್ ಎಂದು ತಿಳಿಯಿತು. ಗಂಗಾವತಿ ಭಾಗದ ರೈತರು ಅಂಗಮಾರಿಗಿಂತಲೂ ಹೆಚ್ಚು ಹೆದರುವ ಕಂದು ಜಿಗಿಹುಳುವನ್ನು ತಡೆಯುವ ಶ್ರೀಲಂಕಾದ ರತು ಹೀನತಿ ತಳಿಯ ಗುಣವೂ ಮೂರು ಗ್ರಾಹಕ ಕೈನೇಸ್‌ಗಳ ಗುಂಪಿನಿಂದ ಬರುತ್ತದೆಂದು 2015ರಲ್ಲಿ ಗೊತ್ತಾಯಿತು.

ಸವಳಿನ ವಿಷಯ ಇವೆಲ್ಲಕ್ಕಿಂತ ಕಠಿಣ. ವರ್ಷಕ್ಕೆರಡು ಬಾರಿ ನೀರು ನಿಲ್ಲಿಸಿದ ಎರೆಭೂಮಿಯಲ್ಲಿ, ಬಸಿಗಾಲುವೆಗಳು ಸಾಲದೆ, ಅಂತರ್ಜಲ ಮೇಲೇರಿ, ಆವಿಯಾದ ನೀರಿನ ಹಿಂದೆ ಉಪ್ಪು ಉಳಿದು, ಅಚ್ಚುಕಟ್ಟಿನ ಸಾವಿರಾರು ಹೆಕ್ಟೇರ್ ಭೂಮಿ ಸವಳು ಹಿಡಿದಿದೆ. ಈ ಸಮಸ್ಯೆಯ ಅಧ್ಯಯನವೇ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದ ವೈಶಿಷ್ಟ್ಯ. ಇಂದು ರಾಯಚೂರು ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಈ ಕೇಂದ್ರ ಗಂಗಾವತಿ ಸೋನಾ ಎಂಬ ತಳಿಯನ್ನೂ ಕೊಟ್ಟಿದೆ. ಉಪ್ಪನ್ನು ಗಿಡ ಎದುರಿಸುವ ಬಗೆಯಲ್ಲಿಯೂ ಕೈನೇಸ್ ಇದೆ. 1990ರ ದಶಕದ ಕೊನೆಯಲ್ಲಿ ಜಿಯಾನ್-ಕಾಂಗ್ ಝು ಮತ್ತು ಸಂಗಡಿಗರು ಸಾಸಿವೆಯ ಕುಟುಂಬದ ಅರಾಬಿಡಾಪ್ಸಿಸ್ ಎಂಬ ಸಣ್ಣ ಗಿಡದಲ್ಲಿ ಕಂಡ ಎಸ್‌ಒಎಸ್ ಎಂಬ ಸಂಕೇತಸರಣಿಯಲ್ಲಿ, ಉಪ್ಪು ತಗುಲಿದ ಬೇರಿನ ಕೋಶದಲ್ಲಿ ಕ್ಯಾಲ್ಸಿಯಂ ಏರುವುದನ್ನು ಒಂದು ಪ್ರೋಟೀನು ಗ್ರಹಿಸಿ ಕೈನೇಸೊಂದನ್ನು ಎಚ್ಚರಿಸುತ್ತದೆ. ಆ ಕೈನೇಸ್ ಪೊರೆಯ ಮೇಲಿನ ಸಾಗಣೆಯ ಪ್ರೋಟೀನಿಗೆ ಫಾಸ್ಫೇಟ್ ಅಂಟಿಸುತ್ತದೆ. ಅದು ಸೋಡಿಯಮ್ಮನ್ನು ಹೊರದೂಡುತ್ತದೆ. ಇದೇ ಸರಣಿ ನೆಲ್ಲಿನಲ್ಲಿಯೂ ಇದೆಯೆಂದು 2007ರಲ್ಲಿ ದೃಢಪಟ್ಟಿತು. ಸಿಯಾಟಲ್‌ನ ಸೋಸುಕಾಗದದಲ್ಲಿ ಸಿಕ್ಕ ಕ್ಯಾಲ್ಸಿಯಂ ಗಂಗಾವತಿಯ ಸವಳುಗದ್ದೆಯ ಬೇರಿನಲ್ಲಿಯೂ ಅದೇ ಬಗೆಯ ಕೆಲಸ ಮಾಡುತ್ತಿದೆ. ಆದರೆ ಹೊರದೂಡಿದ ಸೋಡಿಯಂ ಹೋಗಿ ಸೇರುವುದು ಅದೇ ಮಣ್ಣಿಗೆ. ಉಪ್ಪನ್ನು ತಾಳುವ ತಳಿ ಸವಳುಗದ್ದೆಯಲ್ಲಿ ಒಂದು ಬೆಳೆಯನ್ನು ಉಳಿಸೀತು. ಉಪ್ಪನ್ನು ಗದ್ದೆಯಿಂದ ಹೊರಗೆ ಒಯ್ಯುವ ಕೆಲಸ ಬಸಿಗಾಲುವೆಯದೇ, ನೀರಿನ ಹಂಚಿಕೆಯನ್ನು ಸರಿಪಡಿಸುವ ಕೆಲಸ ಆಡಳಿತದ್ದೇ.

ಕಾಲುವೆಯಿಂದ ಮೇಲಿರುವ ತಾಲ್ಲೂಕುಗಳ ಕಥೆ ಚಿಕ್ಕದು. ದಾಳಿಂಬೆಯ ದುಂಡಾಣು ಅಂಗಮಾರಿ ಭಾರತದಲ್ಲಿ ಮೊದಲು 1952ರಲ್ಲಿ ದೆಹಲಿಯಿಂದ ವರದಿಯಾಗಿ, ದಶಕಗಳ ಕಾಲ ಸಣ್ಣ ರೋಗವಾಗಿಯೇ ಉಳಿದು, ಈ ಶತಮಾನದ ಆರಂಭದ ವರ್ಷಗಳಲ್ಲಿ ಉತ್ತರ ಕರ್ನಾಟಕ ಮತ್ತು ಮಹಾರಾಷ್ಟ್ರಗಳ ತೋಟಗಳ ಮೇಲೆ ಎರಗಿತು. ಕಾಯಿಯ ಮೇಲೆ ಎಣ್ಣೆ ಸವರಿದಂತಹ ಕಪ್ಪು ಚುಕ್ಕೆಗಳು ಎದ್ದು, ಸಿಪ್ಪೆ ನಕ್ಷತ್ರದಾಕಾರದಲ್ಲಿ ಬಿರಿದು, ಮಾರಾಟಕ್ಕೆ ಬಾರದೆ ಹೋದ ಬೆಳೆಯಿಂದ ಸಾಲದಲ್ಲಿ ಬಿದ್ದು ತೋಟವನ್ನೇ ಕಿತ್ತು ಹಾಕಿದ ರೈತರು ಕುಷ್ಟಗಿ, ಯಲಬುರ್ಗಾಗಳಲ್ಲಿ ಅನೇಕರಿದ್ದಾರೆ. ಸ್ಟ್ರೆಪ್ಟೊಸೈಕ್ಲಿನ್ ಮತ್ತು ತಾಮ್ರದ ಆಕ್ಸಿಕ್ಲೋರೈಡುಗಳ ಸಿಂಪಡಣೆ, ಚಾಟನಿ ಮಾಡಿದ ಕೊಂಬೆಗಳನ್ನು ಸುಡುವುದು, ರೋಗವಿಲ್ಲದ ಸಸಿಯ ಆಯ್ಕೆ, ಮಳೆಗಾಲದ ಫಸಲನ್ನು ತಪ್ಪಿಸಿ ಹೂ ಬಿಡಿಸುವುದು, ಇವಿಷ್ಟೇ ಬೆಳೆಗಾರರ ಕೈಯಲ್ಲಿರುವ ಉಪಾಯಗಳು. ಇವುಗಳಲ್ಲಿ ಮೊದಲನೆಯದರಲ್ಲಿರುವ ಪ್ರತಿಜೀವಕಗಳು ಮನುಷ್ಯರ ಚಿಕಿತ್ಸೆಗೂ ಬೇಕಾದವಾದ್ದರಿಂದ ಬೇಸಾಯದಲ್ಲಿ ಅವುಗಳ ಬಳಕೆಯನ್ನು ನಿಲ್ಲಿಸುವ ಕರಡು ಆದೇಶ 2021ರ ಡಿಸೆಂಬರಿನಲ್ಲಿ ಹೊರಟಿತು. ದಾಳಿಂಬೆಗಾಗಿಯೇ ಸೊಲ್ಲಾಪುರದಲ್ಲಿ ರಾಷ್ಟ್ರೀಯ ಸಂಶೋಧನಾ ಕೇಂದ್ರ ಸ್ಥಾಪನೆಯಾದದ್ದು 2005ರಲ್ಲಿ. ಅದಕ್ಕೆ ಹೋಲಿಸಿದರೆ ನೆಲ್ಲಿನ ಅಂಗಮಾರಿಯ ಮೇಲಿನ ಅಧ್ಯಯನಕ್ಕೆ ಜಪಾನಿನಿಂದ ಹಿಡಿದು ನೂರು ವರ್ಷಗಳಿಗೂ ಮೀರಿದ ಹಿನ್ನೆಲೆಯಿದೆ, ಒಂದು ಪೀಳಿಗೆ ನಾಲ್ಕು ತಿಂಗಳಲ್ಲಿ ಮುಗಿಯುವ ಬೆಳೆಯ ಅನುಕೂಲವಿದೆ, ಸಾವಿರಾರು ಕಾಡು ಮಾದರಿಗಳ ಸಂಗ್ರಹವಿದೆ. ದಾಳಿಂಬೆಗೆ ಈ ಮೂರೂ ಇಲ್ಲ. ಕುಷ್ಟಗಿಯ ತೋಟಗಳಲ್ಲಿ ಮೊದಲು ಬೆಳೆದ ಗಣೇಶ್ ತಳಿಯೂ, ಅದರ ಜಾಗಕ್ಕೆ ಬಂದ ಭಗ್ವಾ ತಳಿಯೂ ಅಂಗಮಾರಿಗೆ ಸಮಾನವಾಗಿ ತುತ್ತಾಗುವಂಥವು.